ಬೆಂಗಳೂರು ದಂಡಿನ ಮಕ್ಕಳೂ ಮನೆಗೆ ಕೊಡುವ ಪಾಠವೂ

೧

ಸಂಜೆ ಪಾಠಶಾಲೆ ಬಿಡುವ ಹೊತ್ತಿಗೆ ಉಪಾಧ್ಯಾಯರು ಚಿಕ್ಕ ಮಕ್ಕಳಿಗೆ, ಮನೆಯಲ್ಲಿ ಮಾಡಿಕೊಂಡು ಬರಬೇಕೆಂದು ವಿಧಿಸುವ ಕೆಲಸಕ್ಕೆ ಕನ್ನಡದಲ್ಲಿ ನೆಲೆಗೊಂಡ ಹೆಸರೊಂದು ಇನ್ನೂ ಏರ್ಪಟ್ಟಿಲ್ಲ. ಮಾತಿನಲ್ಲಿ ಎಲ್ಲರೂ ಅದನ್ನು 'ಹೋಂವರ್ಕು' ಎನ್ನುವರು. ಬರಹದಲ್ಲಿ 'ಮನೆಗೆಲಸ' ಎಂಬ ಮಾತು ಬರುವುದುಂಟು. ಆದರೆ ಆ ಮಾತನ್ನು ಕೇಳಿದವರಿಗೆ ಮೊದಲು ತೋರುವ ಅರ್ಥವು ಕಸ ಗುಡಿಸುವುದು, ಪಾತ್ರೆ ಬೆಳಗುವುದು, ಬಟ್ಟೆ ಒಗೆಯುವುದು. ತೆಲುಗಿನ 'ಇಂಟಿಪನಿ'ಗೂ ಇದೇ ದ್ವಂದ್ವಾರ್ಥವುಂಟು. 'ಮನೆಪಾಠ'ವೆಂದರೆ ಹಣ ಕೊಟ್ಟು ಬೇರೊಬ್ಬರಿಂದ ಹೇಳಿಸಿಕೊಳ್ಳುವ ಪಾಠವೆಂದು ರೂಢಿಯಾಗಿದೆ. 'ಗೃಹಪಾಠ'ವು ಮರಾಠಿಯಲ್ಲಿಯೂ 'ಗೃಹಕಾರ್ಯ'ವು ಹಿಂದಿಯಲ್ಲಿಯೂ ಬಳಕೆಯಲ್ಲಿರುವ ಮಾತುಗಳು. ಬೆಂಗಳೂರಿನ ತಾಯಂದಿರ ಬಾಯಲ್ಲಿ ಅವು ಸುಲಭವಾಗಿ ಬರುವುವಲ್ಲ.

ಹೆಸರಿಲ್ಲದಿರುವುದು ಕೇವಲ ಶಬ್ದದ ಬಡತನವಲ್ಲ. ಮಗುವಿನ ಕಲಿಕೆಗೆ ಸಂಬಂಧಿಸಿದ ಹಳೆಯ ಮಾತುಗಳನ್ನು ನೋಡಿದರೆ ಇದರ ಕಾರಣವು ತಿಳಿಯುತ್ತದೆ. ಬಾಯಿಪಾಠ, ಬಾಯಿಲೆಕ್ಕ, ಕೈಬರಹ ಎಂಬ ಕನ್ನಡದ ಮಾತುಗಳಾಗಲಿ, ಮಗ್ಗಿಗೆ ತಮಿಳಿನವರು ಹೇಳುವ 'ವಾಯ್ಪ್ಪಾಡು' ಎಂಬ ಮಾತಾಗಲಿ, ಕಲಿಯುವ ಅಂಗವನ್ನು ಹೆಸರಿಸುತ್ತವೆ. ಆ ಅಂಗವು ಮಗುವಿನದು. ಅದು ಎಲ್ಲಿದ್ದರೂ ಅದರೊಡನೆ ಇರುವಂಥದು. ಹೊಸ ಮಾತಾದರೋ ಕೆಲಸ ನಡೆಯಬೇಕಾದ ಸ್ಥಳವನ್ನು ಹೆಸರಿಸುತ್ತದೆ. ಸ್ಥಳವನ್ನು ಹೆಸರಿಸಿದೊಡನೆ ಆ ಸ್ಥಳದಲ್ಲಿ ವಾಸಿಸುವವರೆಲ್ಲರೂ ಆ ಕೆಲಸಕ್ಕೆ ಹೊಣೆಗಾರರಾಗುತ್ತಾರೆ. ಮನೆಯವರು ಪಾಠದ ಭಾಷೆಯನ್ನೂ ಲಿಪಿಯನ್ನೂ ಬಲ್ಲವರಾದರೆ ತೊಂದರೆಯಿಲ್ಲ. ಅರಿಯದವರಾದರೆ, ಆರು ವರ್ಷದ ಮಗುವಿಗೆ ಕೊಟ್ಟ ಪಾಠವು ನಿಜವಾಗಿ ಮನೆಗೆ ಒಡ್ಡಿದ ಪರೀಕ್ಷೆಯಾಗುತ್ತದೆ. ಹಲವು ಭಾಷೆಗಳ ಬೀಡಾದ ಬೆಂಗಳೂರಿನ ದಂಡಿನ ಭಾಗದಲ್ಲಿ ಈ ಸಂಗತಿಯು ಸ್ಪಷ್ಟವಾಗಿ ಕಾಣುವುದರಿಂದ, ಅದನ್ನು ಆಧಾರವಾಗಿಟ್ಟುಕೊಂಡು ಈ ವಿಷಯವನ್ನು ವಿಚಾರಿಸುವುದು ಉಚಿತ.

೨

ಹಿಂದಿನ ಕಾಲದ ಮಠಗಳಲ್ಲಿ ಮನೆಗೆ ಪಾಠ ಕೊಡುವ ಪದ್ಧತಿಯು ಹೇಗಿದ್ದಿತೆಂಬುದನ್ನು ಮೊದಲು ನೋಡಬೇಕು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ ಎಂಬಾತನು ೧೮೨೩ರಲ್ಲಿ ತನ್ನ ಜಿಲ್ಲೆಯ ಪಾಠಶಾಲೆಗಳ ವಿಷಯವಾಗಿ ಮದರಾಸಿನ ಸರ್ಕಾರಕ್ಕೆ ಒಂದು ವರದಿಯನ್ನು ಬರೆದನು. ಅಂದು ಆ ಜಿಲ್ಲೆಯಲ್ಲಿದ್ದ ೫೩೩ ಪಾಠಶಾಲೆಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ತಮಿಳು, ಇಂಗ್ಲಿಷುಗಳಿಗೆ ಸೇರಿದ್ದುವು. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಮೇಲೆ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರೆಂದೂ, ತಡವಾಗಿ ಬಂದವರಿಗೆ ಬಂದ ಕ್ರಮದಂತೆ ಏಟು ಹೆಚ್ಚುತ್ತಿತ್ತೆಂದೂ ಆತನು ತಿಳಿಸಿದ್ದಾನೆ. ಹುಡುಗರು ಊಟಕ್ಕೆ ಮನೆಗೆ ಹೋಗಿ ಮರಳಿ ಬರುತ್ತಿದ್ದರು. ಮುಂದುವರಿದ ಹುಡುಗರು ಹಿಂದಿನವರಿಗೆ ಪಾಠ ಹೇಳುತ್ತಿದ್ದರು. ಹೊತ್ತು ಮುಳುಗುವವರೆಗೆ ಕಲಿಕೆಯೆಲ್ಲವೂ ಮಠದಲ್ಲಿಯೇ ನಡೆಯುತ್ತಿದ್ದುದರಿಂದ ಬರೆಯುವ ಕೆಲಸವು ಮನೆಗೆ ಹೋಗುವ ಪ್ರಸಕ್ತಿಯೇ ಕಡಮೆ.

ಬರೆಯುವ ಸಾಮಗ್ರಿಯೂ ಇದಕ್ಕೆ ಅನುಗುಣವಾಗಿಯೇ ಇತ್ತು. ಮೊದಲು ಮರಳು, ಅನಂತರ ಇದ್ದಲ ಪುಡಿಯನ್ನೂ ಅಂಟನ್ನೂ ಬಳಿದ ಬಟ್ಟೆಯನ್ನು ಮಡಿಸಿ ಮಾಡಿದ ಕಡತ, ಅದರ ಮೇಲೆ ಬಳಪ. ಮರಳಿನ ಬರಹವು ಅಂಗೈಗೆ ಅಳಿಯುವುದು, ಕಡತದ ಬರಹವು ಒದ್ದೆ ಬಟ್ಟೆಗೆ ಅಳಿಯುವುದು. ತಪ್ಪು ಉಳಿದು ಸಾಕ್ಷಿ ಹೇಳುವಂತಿರಲಿಲ್ಲ. ಕಾಗದದ ನೋಟುಪುಸ್ತಕ ಬಂದ ಮೇಲೆ ಸ್ಥಿತಿಯು ಬದಲಾಯಿತು. ಮನೆಯಲ್ಲಿ ಬರೆದುದು ಮರುದಿನಕ್ಕೆ ಉಳಿಯುತ್ತದೆ. ಬರೆಯದೆ ಬಿಟ್ಟ ಹಾಳೆಯೂ ಉಳಿಯುತ್ತದೆ. ಕೆಂಪು ಮಸಿಯ ಗೆರೆಯನ್ನು ತಂದೆತಾಯಿಗಳು ನೋಡಿ ರುಜು ಹಾಕಬೇಕೆಂಬ ವಾಡಿಕೆಯು ಈ ಉಳಿಕೆಯಿಂದಲೇ ಹುಟ್ಟಿದುದು.

ಹಳೆಯ ಪದ್ಧತಿಯಲ್ಲಿ ಮನೆಗೆ ಹೋಗುತ್ತಿದ್ದುದು ಬಾಯಿಪಾಠ. ದೀಪ ಹಚ್ಚಿದ ಮೇಲೆ ಮಕ್ಕಳು ವಾರ, ತಿಥಿ, ೨೭ ನಕ್ಷತ್ರ, ೬೦ ಸಂವತ್ಸರಗಳ ಹೆಸರನ್ನೂ, ಕಾಲು ಅರೆ ಮುಕ್ಕಾಲುಗಳ ಮಗ್ಗಿಯನ್ನೂ ಒಪ್ಪಿಸುತ್ತಿದ್ದರು. ಅದನ್ನು ಕೇಳಲು ಅಜ್ಜಿಗೆ ಅಕ್ಷರ ಬರಬೇಕಾಗಿರಲಿಲ್ಲ, ಕಿವಿಯಿದ್ದರೆ ಸಾಕಾಗಿತ್ತು. ತಮಿಳುನಾಡಿನ ತಿಣ್ಣೆಯ ಪಾಠಶಾಲೆಗಳಲ್ಲಿ ಇದಕ್ಕಿಂತಲೂ ಸೊಗಸಾದ ಪದ್ಧತಿಯೊಂದಿದ್ದಿತು. ಸಂಜೆ ಮಕ್ಕಳನ್ನು ಕಳುಹಿಸುವಾಗ ಉಪಾಧ್ಯಾಯನು ಒಂದು ಹೂವಿನದೋ ಹಕ್ಕಿಯದೋ ಊರಿನದೋ ಹೆಸರನ್ನು ಹೇಳುವನು. ಮಗು ಅದನ್ನು ಮರೆಯದೆ ಮನಸ್ಸಿನಲ್ಲಿಟ್ಟುಕೊಂಡು ಮರುದಿನ ಬೆಳಗ್ಗೆ ಬಂದು ಒಪ್ಪಿಸಬೇಕು. ತಮಿಳಿನ ಹಿರಿಯ ವಿದ್ವಾಂಸರಾದ ಉ. ವೇ. ಸ್ವಾಮಿನಾಥ ಅಯ್ಯರವರು (೧೮೫೫–೧೯೪೨) ತಮ್ಮ ಆತ್ಮಚರಿತೆಯಲ್ಲಿ ಬಾಲ್ಯದ ಈ ಪದ್ಧತಿಯನ್ನು ನೆನೆದಿದ್ದಾರೆ. ಮಗುವು ಮನೆಗೆ ಕೊಂಡೊಯ್ಯುತ್ತಿದ್ದುದು ಒಂದು ಮಾತು. ಮರಳಿ ತರುತ್ತಿದ್ದುದೂ ಆ ಒಂದು ಮಾತೇ.

ಹಾಗೆಂದು ಹಳೆಯದೆಲ್ಲವೂ ಒಳ್ಳೆಯದಾಗಿತ್ತೆಂದು ಭ್ರಮಿಸಬಾರದು. ಮಕ್ಕಳು ಅಸಂಖ್ಯ ಪದ್ಯಗಳನ್ನು ಅರ್ಥವರಿಯದೆ ಗಿಳಿಯಂತೆ ಒಪ್ಪಿಸುವರೆಂದು ಕ್ಯಾಂಬೆಲ್ಲನೇ ಆಕ್ಷೇಪಿಸಿದ್ದಾನೆ. ಪದ್ಯದ ಭಾಷೆಗೂ ಮನೆಯ ಮಾತಿಗೂ ಇದ್ದ ದೂರವೇ ಅದಕ್ಕೆ ಕಾರಣವೆಂಬುದನ್ನೂ ಆತನು ಗುರುತಿಸಿದನು. ಪಾಠದ ಭಾಷೆಯು ಮನೆಯ ಭಾಷೆಯಿಂದ ದೂರವಾದಾಗ ಕಲಿಕೆಯು ಬರಿಯ ಶಬ್ದವಾಗುವುದೆಂಬ ಈ ಮಾತನ್ನು ಮುಂದಿನ ವಿಚಾರಕ್ಕಾಗಿ ನೆನಪಿಡಬೇಕು.

೩

ಬಳ್ಳಾರಿಯಲ್ಲಿ ಪದ್ಯಕ್ಕೂ ಮಾತಿಗೂ ಇದ್ದ ದೂರವು ಬೆಂಗಳೂರಿನ ಪೂರ್ವಭಾಗದಲ್ಲಿ ಬೇರೊಂದು ರೂಪವನ್ನು ತಾಳಿತು. ೧೮೦೯ರಲ್ಲಿ ಬ್ರಿಟಿಷರ ಸೈನ್ಯವು ಹಲಸೂರಿನ ಬಳಿ ನೆಲೆಯೂರಿತು. ಅಂದಿನಿಂದ ಆ ಭಾಗಕ್ಕೆ ದಂಡು ಎಂದು ಹೆಸರಾಯಿತು. ಇಂದಿಗೂ ಅಲ್ಲಿಯ ರೈಲ್ವೆ ನಿಲ್ದಾಣಕ್ಕೆ ಆ ಹೆಸರೇ ಇದೆ. ಸಿಪಾಯಿಗಳ ಹಿಂದೆಯೇ ಮದರಾಸು ಪ್ರಾಂತದಿಂದ ವರ್ತಕರೂ ಕುಶಲಕರ್ಮಿಗಳೂ ಕೂಲಿಗಾರರೂ ಬಂದರು. ತಮಿಳು, ತೆಲುಗು, ದಖನಿ ಉರ್ದು, ಕನ್ನಡ, ಇಂಗ್ಲಿಷು—ಇವು ಒಂದೇ ಬೀದಿಯಲ್ಲಿ ಕೇಳಿಬರತೊಡಗಿದುವು. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದಾಗಲೂ ದಂಡಿನ ಪ್ರದೇಶವು ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. ೧೯೪೭ರಲ್ಲಿ ಸಂಸ್ಥಾನಕ್ಕೆ ಸೇರಿತು. ೧೯೪೯ರಲ್ಲಿ ಪೇಟೆಯೂ ದಂಡೂ ಒಂದೇ ನಗರಸಭೆಗೆ ಒಳಪಟ್ಟುವು. ಹೀಗೆ ಬಹುಕಾಲದವರೆಗೆ ಪೇಟೆಯಲ್ಲಿ ಕನ್ನಡವು ಪಾಠಶಾಲೆಯ ಸಹಜ ಭಾಷೆಯಾಗಿದ್ದಂತೆ ದಂಡಿನಲ್ಲಿ ಯಾವ ಒಂದು ಭಾಷೆಯೂ ಆಗಿರಲಿಲ್ಲ.

ಇಲ್ಲಿಯ ಪಾಠಶಾಲೆಗಳ ಚರಿತ್ರೆಯು ಈ ಸಂಗತಿಯನ್ನು ತೋರಿಸುತ್ತದೆ. ೧೮೬೫ರಲ್ಲಿ ಆರಂಭವಾದ ಬಿಷಪ್ ಕಾಟನ್ ಶಾಲೆಯು ಯುರೋಪಿಯನ್ನರ ಮತ್ತು ಆಂಗ್ಲೋ-ಇಂಡಿಯನ್ನರ ಮಕ್ಕಳಿಗಾಗಿ ಹುಟ್ಟಿದುದು. ಪಾಠದ ಭಾಷೆಯೂ ಮನೆಯ ಭಾಷೆಯೂ ಅಲ್ಲಿ ಒಂದೇ. ವ್ಯಾಪಾರದಿಂದ ಸಂಪತ್ತನ್ನು ಗಳಿಸಿದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ೧೮೭೩ರಲ್ಲಿ ಬಡವರ ಮಕ್ಕಳಿಗಾಗಿ ದಂಡಿನಲ್ಲಿ ಪ್ರಾಥಮಿಕ ಪಾಠಶಾಲೆಯೊಂದನ್ನು ಸ್ಥಾಪಿಸಿದರು. ಅಂಥ ಶಾಲೆಗೆ ಬರುವ ಮಕ್ಕಳ ಮನೆಗಳಲ್ಲಿ ಇಂಗ್ಲಿಷಿನ ಓದು ಇರುವುದು ಅಪರೂಪ. ಮುಂದೆ ೧೯೪೦ರಲ್ಲಿ ವಿಮಾನ ಕಾರ್ಖಾನೆಯೂ, ೧೯೪೮ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿ ಕಾರ್ಖಾನೆಯೂ ಹುಟ್ಟಿ, ನಾನಾ ಕಡೆಗಳ ಕಾರ್ಮಿಕರ ಕುಟುಂಬಗಳು ಪೂರ್ವಭಾಗದಲ್ಲಿ ನೆಲೆಸಿದುವು. ಇತ್ತೀಚಿನ ವರ್ಷಗಳಲ್ಲಿ ಕಟ್ಟಡದ ಕೆಲಸಕ್ಕಾಗಿ ರಾಯಚೂರು, ಕಲಬುರಗಿಗಳಿಂದಲೂ ಒಡಿಶಾ, ಬಂಗಾಳಗಳಿಂದಲೂ ಬಂದವರ ಮಕ್ಕಳು ಅದೇ ಸರ್ಕಾರಿ ಶಾಲೆಗಳ ಮಣೆಗಳ ಮೇಲೆ ಕುಳಿತಿದ್ದಾರೆ.

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆಂದು ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿದ ೩೫೦ಎ ವಿಧಿಯು ಹೇಳುತ್ತದೆ. ಉರ್ದು, ತಮಿಳು ಮಾಧ್ಯಮದ ಶಾಲೆಗಳು ಈ ಭಾಗದಲ್ಲಿ ನಡೆದುವು. ಆದರೆ ಜನರ ಒಲವು ಇಂಗ್ಲಿಷ್ ಮಾಧ್ಯಮದ ಕಡೆಗೆ ಹರಿಯಿತು. ಮೊದಲ ನಾಲ್ಕು ತರಗತಿಗಳಿಗೆ ಮಾತೃಭಾಷೆಯ ಮಾಧ್ಯಮವನ್ನು ವಿಧಿಸಿದ್ದ ೧೯೯೪ರ ರಾಜ್ಯ ಸರ್ಕಾರದ ಆಜ್ಞೆಯು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕೆಂದು ೨೦೧೫ರಲ್ಲಿ ಕಾನೂನಾಯಿತು. ಇದರ ಫಲವಾಗಿ ದಂಡಿನ ಭಾಗದ ಅನೇಕ ಮಕ್ಕಳಿಗೆ ಮನೆಯಲ್ಲೊಂದು ಭಾಷೆ, ಪಾಠಕ್ಕೊಂದು ಭಾಷೆ, ಜೊತೆಗೆ ಕಲಿಯಬೇಕಾದ ಕನ್ನಡ—ಹೀಗೆ ಮೂರು ನೆಲೆಗಳು ಏರ್ಪಟ್ಟಿವೆ.

೪

ಒಂದು ದೃಷ್ಟಾಂತದಿಂದ ಇದರ ಪರಿಣಾಮವನ್ನು ತಿಳಿಯಬಹುದು. ಶಿವಾಜಿನಗರದ ಒಂದು ಓಣಿಯಲ್ಲಿ ಅಕ್ಕಪಕ್ಕದ ಮೂರು ಮನೆಗಳಿವೆಯೆಂದೂ, ಮೂರು ಮನೆಯ ಮಕ್ಕಳೂ ಒಂದೇ ತರಗತಿಯಲ್ಲಿ ಕನ್ನಡ ಕಲಿಯುವರೆಂದೂ ಇಟ್ಟುಕೊಳ್ಳೋಣ. 'ಕ' ಮೊದಲುಗೊಂಡು ಐದು ಅಕ್ಷರಗಳನ್ನೂ ಅವುಗಳ ಕಾಗುಣಿತವನ್ನೂ ಐದೈದು ಸಲ ಬರೆದು ತರಬೇಕೆಂಬುದು ಅಂದಿನ ಪಾಠ.

ಮೊದಲ ಮನೆಯ ತಾಯಿ ತೆಲುಗು ಓದಬಲ್ಲವಳು. ತೆಲುಗು ಕನ್ನಡಗಳ ಲಿಪಿಗಳು ಒಂದೇ ಮೂಲದವು. ಕಾಗುಣಿತವೂ ಒತ್ತಕ್ಷರವೂ ಎರಡರಲ್ಲಿಯೂ ಒಂದೇ ಬಗೆ. ಸ್ವಲ್ಪ ಹೊತ್ತಿನಲ್ಲಿ ಅವಳು ಮಗನ ತಪ್ಪನ್ನು ತಿದ್ದಬಲ್ಲಳು. ಎರಡನೆಯ ಮನೆಯ ತಾಯಿ ತಮಿಳು ಓದಬಲ್ಲವಳು. ತಮಿಳಿನ ಲಿಪಿಯಲ್ಲಿ ಕ, ಖ, ಗ, ಘಗಳಿಗೆ ಇರುವುದು ಒಂದೇ ಅಕ್ಷರ. ಮಗಳು ಬರೆದ ನಾಲ್ಕು ಆಕಾರಗಳು ನಾಲ್ಕು ಧ್ವನಿಗಳನ್ನು ಸೂಚಿಸುವುವೆಂಬುದೇ ಅವಳಿಗೆ ಹೊಸದು. ಕಿವಿಯಿಂದ ತಿದ್ದುವ ದಾರಿಯೂ ಅವಳಿಗಿಲ್ಲ. ಮೂರನೆಯ ಮನೆಯಲ್ಲಿ ಉರ್ದು. ಅಲ್ಲಿಯವರಿಗೆ ಮಹಾಪ್ರಾಣಗಳು ನಾಲಗೆಯ ಮೇಲೆಯೇ ಇವೆ. 'ಖ', 'ಘ'ಗಳು ಅವರ ಮಗುವಿಗೆ ತೊಡಕಲ್ಲ. ಆದರೆ ಉರ್ದುವಿನ ಬರಹವು ಬಲದಿಂದ ಎಡಕ್ಕೆ ಸಾಗುವುದು; ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಅದರಲ್ಲಿ ಬರೆಯುವುದಿಲ್ಲ; ಎ–ಏ, ಒ–ಓಗಳ ಭೇದವೂ ಣಕಾರ ಳಕಾರಗಳೂ ಆ ಭಾಷೆಯಲ್ಲಿಲ್ಲ. ಕಾಗುಣಿತವೆಂಬ ಕಲ್ಪನೆಯೇ ಆ ಮನೆಗೆ ಅಪರಿಚಿತ.

ಮರುದಿನ ಉಪಾಧ್ಯಾಯರ ಮೇಜಿನ ಮೇಲೆ ಮೂರು ನೋಟುಪುಸ್ತಕಗಳಿರುತ್ತವೆ. ಒಂದಕ್ಕೆ 'ಉತ್ತಮ' ಎಂದೂ ಮತ್ತೆರಡಕ್ಕೆ ಕೆಂಪು ಗೆರೆಯೂ ಬೀಳುವುದು ಸಹಜ. ಅಂಕ ದೊರೆತುದು ಮಗುವಿನ ಹೆಸರಿಗಾದರೂ, ಅಳೆದುದು ಆಯಾ ಮನೆಯ ಲಿಪಿಗೂ ಕನ್ನಡ ಲಿಪಿಗೂ ಇರುವ ದೂರವನ್ನು. ತಾಯಿಗೆ ಯಾವ ಲಿಪಿಯೂ ಬಾರದಿದ್ದರೆ ಈ ದೂರವು ಇನ್ನೂ ಹೆಚ್ಚು. ಹಲಸೂರಿನ ಓಣಿಗಳಿಂದ ಅನೇಕ ಹೆಂಗಸರು ಇಂದಿರಾನಗರದ ಮನೆಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಹಗಲೆಲ್ಲ ಅನ್ಯರ ಮನೆಗೆಲಸವನ್ನು ಮುಗಿಸಿ ಬಂದವಳಿಗೆ ರಾತ್ರಿ ಮಗುವಿನ ಮನೆಗೆಲಸವು ಕಾದಿರುತ್ತದೆ. ಮೊದಲನೆಯದನ್ನು ಅವಳು ಬಲ್ಲಳು, ಎರಡನೆಯದನ್ನು ಅರಿಯಳು. ಆಗ ಉಳಿಯುವ ದಾರಿ ಟ್ಯೂಷನ್ ಒಂದೇ. ಹೀಗೆ 'ಮನೆಗೆಲಸ'ವು 'ಮನೆಪಾಠ'ವನ್ನು ಹುಟ್ಟಿಸುತ್ತದೆ. ಬಡವರ ದುಡಿಮೆಯಲ್ಲಿ ಒಂದು ಭಾಗ ಅದಕ್ಕೆ ಸಲ್ಲುತ್ತದೆ. ಮುಸಲ್ಮಾನರ ಮಕ್ಕಳಲ್ಲಿ ಅನೇಕರಿಗೆ ಅರಬ್ಬಿ ಓದಿನ ಮದ್ರಸದ ಹೊತ್ತೂ ಇದೇ ಸಂಜೆಯಲ್ಲಿ ಸೇರುವುದು.

ಓದುಬರಹ ಬಲ್ಲ ಮನೆಯಲ್ಲಿಯೂ ಈ ಪಾಠವು ಯಾವಾಗಲೂ ಸುಖವಲ್ಲ. ಆರ್. ಕೆ. ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' (೧೯೩೫) ಕಾದಂಬರಿಯಲ್ಲಿ ವಕೀಲನಾದ ತಂದೆಯು ಮಗನಿಗೆ ಮಾವಿನಹಣ್ಣಿನ ಬೆಲೆಯ ಲೆಕ್ಕವನ್ನು ಕೊಡುತ್ತಾನೆ. ಹಣ್ಣುಗಳು ಮಾಗಿದ್ದುವೋ ಇಲ್ಲವೋ ಎಂಬುದೇ ಹುಡುಗನ ಚಿಂತೆ. ಕೊನೆಗೆ ಲೆಕ್ಕವು ಅಳುವಿನಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಬಲ್ಲ ತಂದೆಯ ಮನೆಯಲ್ಲಿ ಹೀಗಾದರೆ, ಅದನ್ನು ಅರಿಯದ ಮನೆಯ ಗತಿಯನ್ನು ಊಹಿಸಬಹುದು.

೫

ಈ ಕಷ್ಟವು ಸರ್ಕಾರಗಳ ಗಮನಕ್ಕೆ ಬಾರದೆ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದಲ್ಲಿ ೧೯೦೧ರಲ್ಲಿಯೇ ೧೫ ವರ್ಷದೊಳಗಿನ ಮಕ್ಕಳಿಗೆ ಮನೆಗೆ ಪಾಠ ಕೊಡುವುದನ್ನು ನಿಷೇಧಿಸಿದ್ದರು. ೧೯೧೭ರಲ್ಲಿ ಆ ನಿಷೇಧವು ರದ್ದಾಯಿತು. ಭಾರತದಲ್ಲಿ, ರಾಜ್ಯಸಭೆಗೆ ನಾಮಕರಣಗೊಂಡ ಸದಸ್ಯರಾಗಿದ್ದ ನಾರಾಯಣರು ಮಕ್ಕಳ ಪುಸ್ತಕದ ಚೀಲದ ಭಾರವನ್ನು ಕುರಿತೇ ತಮ್ಮ ಮೊದಲ ಭಾಷಣವನ್ನು ಮಾಡಿದರು. ೧೯೯೨ರಲ್ಲಿ ನೇಮಕವಾದ ಪ್ರೊಫೆಸರ್ ಯಶಪಾಲರ ಸಮಿತಿಯು ಮರುವರ್ಷ 'ಹೊರೆಯಿಲ್ಲದ ಕಲಿಕೆ' ಎಂಬ ಅರ್ಥದ ಹೆಸರಿನಿಂದ ವರದಿಯನ್ನು ಸಲ್ಲಿಸಿತು. ೨೦೧೮ರ ಮೇ ತಿಂಗಳಲ್ಲಿ ಮದರಾಸು ಉಚ್ಚ ನ್ಯಾಯಾಲಯವು ಒಂದು ಎರಡನೆಯ ತರಗತಿಗಳಿಗೆ ಮನೆಗೆ ಪಾಠ ಕೊಡಬಾರದೆಂದು ತೀರ್ಪಿತ್ತಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರವೂ, ೨೦೧೯ರ ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರವೂ ಹಾಗೆಯೇ ಸುತ್ತೋಲೆ ಹೊರಡಿಸಿದುವು. ೨೦೨೦ರ ಕೇಂದ್ರ ನೀತಿಯಂತೆ ಮೂರರಿಂದ ಐದನೆಯ ತರಗತಿಯವರೆಗೆ ವಾರಕ್ಕೆ ಎರಡು ಗಂಟೆಗಿಂತ ಹೆಚ್ಚು ಪಾಠವು ಮನೆಗೆ ಹೋಗಕೂಡದು. ಮಾಡದೆ ಬಂದ ಮಗುವನ್ನು ಹೊಡೆಯುವುದಾಗಲಿ ಅವಮಾನಪಡಿಸುವುದಾಗಲಿ ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆಯ ೧೭ನೆಯ ಪ್ರಕರಣದಂತೆ ನಿಷಿದ್ಧ.

ವಿದ್ವಾಂಸರ ಪರಿಶೋಧನೆಯೂ ಇದಕ್ಕೆ ವಿರೋಧವಾಗಿಲ್ಲ. ಡ್ಯೂಕ್ ವಿಶ್ವವಿದ್ಯಾನಿಲಯದ ಹ್ಯಾರಿಸ್ ಕೂಪರರೂ ಅವರ ಸಹೋದ್ಯೋಗಿಗಳೂ ೧೯೮೭ರಿಂದ ೨೦೦೩ರವರೆಗೆ ಅಮೆರಿಕದಲ್ಲಿ ನಡೆದ ಅಧ್ಯಯನಗಳನ್ನು ೨೦೦೬ರಲ್ಲಿ ಒಟ್ಟುಗೂಡಿಸಿ ನೋಡಿದರು. ಮನೆಯ ಪಾಠಕ್ಕೂ ಕಲಿಕೆಯ ಫಲಕ್ಕೂ ಇರುವ ಸಂಬಂಧವು ಮೇಲಿನ ತರಗತಿಗಳಲ್ಲಿ ಬಲವಾಗಿಯೂ ಆರನೆಯ ತರಗತಿಯವರೆಗೆ ದುರ್ಬಲವಾಗಿಯೂ ಕಂಡಿತು. ಕರ್ನಾಟಕದ ಅನುಭವವೂ ಉಂಟು. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ೨೦೦೯-೧೦ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿದ 'ನಲಿ-ಕಲಿ' ಪದ್ಧತಿಯಲ್ಲಿ ಮಗುವು ಕಾರ್ಡುಗಳ ಸಹಾಯದಿಂದ ಮೆಟ್ಟಿಲು ಮೆಟ್ಟಿಲಾಗಿ ತನ್ನ ವೇಗದಂತೆ ಶಾಲೆಯಲ್ಲಿಯೇ ಮುಂದುವರಿಯುತ್ತದೆ. ಅಭ್ಯಾಸದ ಕೆಲಸವು ಉಪಾಧ್ಯಾಯರ ಕಣ್ಣೆದುರಿಗೆ ನಡೆಯುವುದೇ ಅದರ ತಿರುಳು.

ಇದಕ್ಕೆ ವಿರುದ್ಧವಾದ ಪರೀಕ್ಷೆಯು ಬಯಸದೆಯೇ ಒದಗಿತು. ೨೦೨೦ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಕಾರಣದಿಂದ ಮುಚ್ಚಿದ ಶಾಲೆಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ೨೦೨೧ರ ಅಕ್ಟೋಬರ್ ೨೫ರಂದು ತೆರೆದುವು. ಆ ಹತ್ತೊಂಬತ್ತು ತಿಂಗಳು ಶಾಲೆಯೆಲ್ಲವೂ ಮನೆಗೆ ಕೊಟ್ಟ ಪಾಠವೇ ಆಗಿತ್ತು. ಉಪಾಧ್ಯಾಯರೇ ಮಕ್ಕಳಿದ್ದ ಕಡೆಗೆ ಹೋಗಿ ಕಲಿಸುವ 'ವಿದ್ಯಾಗಮ'ವನ್ನು ೨೦೨೦ರ ಆಗಸ್ಟಿನಲ್ಲಿ ಆರಂಭಿಸಬೇಕಾಯಿತು. ಶಾಲೆ ತೆರೆದ ಮೇಲೆ ೨೦೨೨-೨೩ರಲ್ಲಿ 'ಕಲಿಕಾ ಚೇತರಿಕೆ' ಎಂಬ ಹೆಸರಿನಿಂದ ಹಿಂದಿನ ಪಾಠಗಳನ್ನು ಮತ್ತೆ ಕಲಿಸಬೇಕಾಯಿತು. ಎಳೆಯ ಮಕ್ಕಳ ಕಲಿಕೆಯನ್ನು ಮನೆಯೊಂದರ ಮೇಲೆಯೇ ಹೊರಿಸಲಾಗದೆಂಬುದಕ್ಕೆ ಬೇರೆ ಪ್ರಮಾಣವು ಬೇಕಾಗಿಲ್ಲ.

ಆದರೂ ಸುತ್ತೋಲೆಯಿಂದ ಮಾತ್ರ ವಾಡಿಕೆಯು ನಿಲ್ಲುವುದಿಲ್ಲ. ಮನೆಗೆ ಪಾಠ ಕೊಡದ ಶಾಲೆಯನ್ನು ತಂದೆತಾಯಿಗಳೇ ಸೋಮಾರಿ ಶಾಲೆಯೆಂದು ಭಾವಿಸುವರು. ಈ ಭಾವನೆಯನ್ನು ಅಜ್ಞಾನವೆಂದು ತಳ್ಳುವುದು ನ್ಯಾಯವಲ್ಲ. ತಾವು ಓದಲಿಲ್ಲ, ಮಗುವಾದರೂ ಓದಲಿ ಎಂಬ ಆಸೆಯಿಂದ ಹಣ ತೆತ್ತವರಿಗೆ ಶಾಲೆಯಲ್ಲಿ ಏನು ನಡೆಯಿತೆಂದು ತಿಳಿಯಲು ಇರುವ ಕಿಟಕಿ ಆ ನೋಟುಪುಸ್ತಕವೊಂದೇ. ಕಿಟಕಿಯನ್ನು ಮುಚ್ಚುವುದರ ಬದಲು ಅವರಿಗೂ ಕಾಣುವಂತೆ ಅದನ್ನು ತಗ್ಗಿಸುವುದು ಮೇಲು.

೬

ಅದಕ್ಕೆ ದಾರಿಯುಂಟು. ೨೦೨೦ರ ಆ ನೀತಿಯೇ, ಸಂಜೆ ಮನೆಯಲ್ಲಿ ಏನು ಆಡಿದೆ, ಏನು ಉಂಡೆ ಎಂಬುದನ್ನು ಚಿಕ್ಕ ಮಕ್ಕಳು ತರಗತಿಯಲ್ಲಿ ಹೇಳಲಿ ಎಂದು ಸೂಚಿಸಿದೆ. ತಿಣ್ಣೆಯ ಉಪಾಧ್ಯಾಯನು ಶಾಲೆಯಿಂದ ಮನೆಗೆ ಮಾತೊಂದನ್ನು ಕಳುಹಿಸುತ್ತಿದ್ದನು. ಇಲ್ಲಿ ಮಾತು ಮನೆಯಿಂದ ಶಾಲೆಗೆ ಬರುವುದು. ದಂಡಿನ ಭಾಗದ ಕನ್ನಡ ಉಪಾಧ್ಯಾಯರಿಗೆ ಇದರಿಂದ ದೊರೆಯುವ ಲಾಭವು ವಿಶೇಷವಾದುದು.

'ಮನೆಯಲ್ಲಿ ಹಾಲಿಗೆ ಏನೆನ್ನುವರೆಂದು ಕೇಳಿಕೊಂಡು ಬಾ' ಎಂಬುದು ಪಾಠವಾಗಲಿ. ಹಲಸೂರಿನ ತಮಿಳು ಮಗು 'ಪಾಲ್' ಎಂದು ತರುವುದು, ತೆಲುಗು ಮಗು 'ಪಾಲು' ಎಂದು ತರುವುದು. ಹೂವಿಗೆ 'ಪೂ', 'ಪುವ್ವು'. ಹುಲಿಗೆ ಎರಡು ಮನೆಯಿಂದಲೂ 'ಪುಲಿ'. ಹತ್ತಕ್ಕೆ 'ಪತ್ತು', 'ಪದಿ'. ನಾಲ್ಕು ದಿನಗಳಲ್ಲಿ ತರಗತಿಯ ಹಲಗೆಯ ಮೇಲೆ ಪಕಾರ ಹಕಾರಗಳ ಪಟ್ಟಿಯೊಂದು ತಾನಾಗಿ ಬೆಳೆಯುತ್ತದೆ. ಪಾಲ್, ಪೂ, ಪುಲಿ, ಪತ್ತು ಎಂಬುವು ಹಳಗನ್ನಡದ ರೂಪಗಳೂ ಹೌದೆಂಬುದನ್ನು ಸಾಹಿತ್ಯದ ಉಪಾಧ್ಯಾಯರಿಗೆ ಹೇಳಬೇಕಾಗಿಲ್ಲ. ಕನ್ನಡದ ಪಕಾರವು ಹಕಾರವಾದ ಚರಿತ್ರೆಯನ್ನು ಏಳು ವರ್ಷದ ಮಗು ತನ್ನ ಅಡುಗೆಮನೆಯಿಂದ ಹೊತ್ತು ತಂದಂತಾಗುತ್ತದೆ. ಉರ್ದು ಮನೆಯ ಮಗು 'ಕುರ್ಸಿ', 'ಚಾಕೂ', 'ಜೇಬ್' ಎಂದು ತಂದರೆ, ಕುರ್ಚಿ ಚಾಕು ಜೇಬುಗಳು ಕನ್ನಡಕ್ಕೆ ಬಂದ ದಾರಿಯು ತಿಳಿಯುತ್ತದೆ. ಕನ್ನಡವು ತನ್ನ ಮನೆಗೆ ಹೊರಗಿನದೆಂದು ಭಾವಿಸಿದ್ದ ಮಗುವಿಗೆ ಅದು ನೆಂಟನಂತೆ ತೋರುವುದು. ಈ ಪಾಠಕ್ಕೆ ತಾಯಿಗೆ ಲಿಪಿಯು ಬೇಕಾಗಿಲ್ಲ. ಅವಳೇ ಇಲ್ಲಿ ಬಲ್ಲವಳು. ಬರೆಯುವ ಅಭ್ಯಾಸವೆಲ್ಲವೂ, ತಪ್ಪನ್ನು ಆಗಲೇ ತಿದ್ದಬಲ್ಲವರು ಇರುವ ಶಾಲೆಯಲ್ಲಿಯೇ ಮುಗಿಯಲಿ.

ಕನ್ನಡ 'ಬರುವುದಿಲ್ಲ' ಎನ್ನುವ ಪ್ರೌಢರು ದಂಡಿನ ಭಾಗದಲ್ಲಿ ಕಂಡಾಗ ಅವರಿಗೆ ಅಭಿಮಾನವಿಲ್ಲವೆಂದು ದೂರುವುದು ಸುಲಭ. ಅವರಲ್ಲಿ ಎಷ್ಟೋ ಮಂದಿಗೆ ಕನ್ನಡದ ಮೊದಲ ಪರಿಚಯವು ರಾತ್ರಿಯ ದೀಪದ ಕೆಳಗೆ, ಯಾರೂ ಓದಲಾರದ ಕಾಗುಣಿತವಾಗಿ, ಮರುದಿನದ ಭಯವಾಗಿ ಆಗಿರಬಹುದು. ಹಾಗೆ ಕಂಡ ಭಾಷೆಯನ್ನು ಯಾರೂ ಪ್ರೀತಿಸಲಾರರು. ಮನೆಗೆ ಕೊಡುವ ಪಾಠವು ಮನೆಯವರು ಕೊಡಬಲ್ಲದ್ದನ್ನು ಕೇಳುವಂತಾದರೆ, ಅದಕ್ಕೆ ತಕ್ಕ ಕನ್ನಡದ ಹೆಸರೂ ಜನರ ಬಾಯಲ್ಲಿ ತಾನಾಗಿಯೇ ಹುಟ್ಟೀತು.